ಮೂಲೆಮಟ್ಟದ ಉಂಗುರ

೧೯೭೧ರಲ್ಲಿ ಮುಂಬಯಿಯ ಬೊರಿವಲಿಯ ಗೌಂಡಿ ಅಣವೀರಪ್ಪ, ಅಳಿಯನಾಗುವವನಿಗೆ ಮದುವೆಯ ಉಂಗುರ ಆರಿಸಲು ಮಾಟುಂಗದ ಪತ್ತಾರರ ಅಂಗಡಿಗೆ ಹೋದರು. ಆ ಹುಡುಗನೂ ಗೌಂಡಿಯೇ. ಗೋಡೆಯ ಮೂಲೆ ಅಳೆಯುವ ಮೂಲೆಮಟ್ಟ, ಕೈವಾರ ಕೊರೆದ ಚಿನ್ನದ ಉಂಗುರವೊಂದನ್ನು ಕಂಡು ಅವರ ಮುಖ ಅರಳಿತು.

“ಇದು ನಮ್ಮ ಮಂದೀದು. ಇದನ್ನ ಕೊಡ್ರಿ.”

“ಏ, ಇಡ್ರಿ ಅದನ್ನ! ಫ್ರೀಮೇಸನ್, ಅಂದ್ರ ಗೌಂಡಿ ಅಂತ ಹೆಸರಿಟ್ಟುಕೊಂಡ ಸಂಘದ ಸಾಹೇಬರ ಆರ್ಡರು. ಅವರ ಮೆಂಬರ್ ಆದವರಷ್ಟ ಹಾಕ್ಕೋತಾರ.”

“ಅವರೇನು ಕಟ್ತಾರ?”

“ಏನೂ ಇಲ್ಲ. ವಕೀಲರು, ಡಾಕ್ಟರು.”

ಅಣವೀರಪ್ಪ ದಂಗಾದರು. ಇಟ್ಟಂಗಿ ಮುಟ್ಟದವರ ಬೆರಳಿಗೆ ಮೂಲೆಮಟ್ಟ! ಸಾವರಿಸಿಕೊಂಡು ಸಾದಾ ಉಂಗುರವೊಂದನ್ನು ಆರಿಸಿದರು.

“ಇದರ ಮ್ಯಾಲ ಕರಣಿ ಕೊರೀರಿ. ಗ್ವಾಡಿಗೆ ಗಿಲಾವು ಮಾಡೂ ಕರಣಿ ಯಾವ ಸಾಹೇಬ ಹಾಕ್ಕೋತಾನ?”

ಪತ್ತಾರರು ಇನ್ನೊಂದು ಡಬ್ಬಿ ತೆರೆದರು. ಅದೇ ಸಂಘದ್ದು, ಉಂಗುರದ ಮೇಲೆ ಪುಟ್ಟ ಕರಣಿ.

“ಒಂದೂ ಬಿಟ್ಟಿಲ್ಲೇನ್ರಿ ಇವರು?” ಎಂದ ಅಣವೀರಪ್ಪ, ಸಾದಾ ಉಂಗುರವನ್ನೇ ಕಟ್ಟಿಸಿಕೊಂಡರು.