ಬೋರಮ್ಮನವರು ಹಾಕದ ಸಹಿ

ಸಾವಯವ ಸಂಶ್ಲೇಷಣೆಯಲ್ಲಿ ಬೋರಾನಿನ ಹೈಡ್ರೈಡುಗಳನ್ನು ಪಳಗಿಸಿದವರು ನಮ್ಮಲ್ಲಿ ಬೆರಳೆಣಿಕೆಯಷ್ಟು ಮಂದಿ. ಅವರ ಮೊದಲ ಸಾಲಿನಲ್ಲಿ ನಿಲ್ಲಬೇಕಾದವರೊಬ್ಬರು ಪ್ರಾಧ್ಯಾಪಕಿಯ ಹುದ್ದೆ ಕಾಣದೆಯೇ ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ವಿದ್ಯಾರ್ಥಿಗಳು ಅವರಿಗೆ ಅಕ್ಕರೆಯಿಂದ ಇಟ್ಟ ಹೆಸರು ಬೋರಮ್ಮ. "ಪಾಠ ಬೋರು ಅಂತ ಇಟ್ಟಿದ್ದಲ್ಲ ತಾನೇ?" ಎಂದು ಪ್ರತಿ ವರ್ಷವೂ ಹೊಸ ತರಗತಿಯನ್ನು ಕೇಳಿ ನಗಿಸುತ್ತಿದ್ದರು.

ಅಣುವಿನ ಒಂದು ತುದಿಯಲ್ಲಿ ಆಮ್ಲ, ಇನ್ನೊಂದು ತುದಿಯಲ್ಲಿ ಎಸ್ಟರ್ ಇದ್ದಾಗ, ಎಸ್ಟರಿನ ತಂಟೆಗೆ ಹೋಗದೆ ಆಮ್ಲವನ್ನಷ್ಟೇ ಆಲ್ಕೋಹಾಲ್ ಆಗಿಸುವ ನಾಜೂಕು ಬೋರೇನ್ ಎಂಬ ಬೋರಾನ್ ಹೈಡ್ರೈಡಿಗಿದೆ. ಸೇವೆಗೆ ಸೇರಿದ ಹೊಸದರಲ್ಲಿ ಬೋರಮ್ಮನವರು ಮಂಜುಗಡ್ಡೆಯ ತೊಟ್ಟಿಯ ಮುಂದೆ ಕಾಲು ಸೋಲುವವರೆಗೆ ನಿಂತು, ಅದನ್ನು ಹನಿಹನಿಯಾಗಿ ಬಿಡುತ್ತ, ಹೃದ್ರೋಗದ ಔಷಧವೊಂದಕ್ಕೆ ಬೇಕಾದ ಕಚ್ಚಾವಸ್ತುವನ್ನು ಶುದ್ಧವಾಗಿ ಪಡೆಯುವ ದಾರಿ ಕಂಡುಕೊಂಡರು.

ಆದರೆ ಉಳಿದ ಬೋರೇನನ್ನು ಮೆಥನಾಲ್ ಬೆರೆಸಿ ತಣಿಸುವಾಗ ಹೈಡ್ರೋಜನ್ ಉಕ್ಕುತ್ತದೆ. ಅದನ್ನು ಹೊರಗೆಳೆಯಬೇಕಾದ ಫ್ಯಾನು ಕೆಟ್ಟಿತ್ತು. "ಕಿಟಕಿ ತೆಗೆದಿಟ್ಕೊಂಡು ನಡೆಸ್ಕೊಂಡು ಹೋಗಿ ಮೇಡಂ," ಎಂದರು ವಿಭಾಗದ ಮುಖ್ಯಸ್ಥರು. ಬೋರಮ್ಮನವರು ಕೆಲಸವನ್ನೇ ನಿಲ್ಲಿಸಿದರು. ಪರಿಶೀಲನಾ ಸಮಿತಿಗೆ ಫಲಿತಾಂಶ ತೋರಿಸುವ ಆತುರದಲ್ಲಿದ್ದ ಮುಖ್ಯಸ್ಥರು, ಬೋರಮ್ಮನವರು ಪಾಠಕ್ಕೆ ಹೋಗಿದ್ದಾಗ, ಅವರ ಸಂಶೋಧನಾ ವಿದ್ಯಾರ್ಥಿನಿಯನ್ನು ಕರೆದು ಪ್ರಯೋಗ ಮುಗಿಸಲು ಹೇಳಿದರು. ಪಾಠ ಮುಗಿಸಿ ಬಂದ ಬೋರಮ್ಮನವರ ಕಣ್ಣಿಗೆ ಬಿದ್ದದ್ದು ನೊರೆಯುಕ್ಕುತ್ತಿದ್ದ ಫ್ಲಾಸ್ಕು. ಹುಡುಗಿಯನ್ನು ಹಿಂದಕ್ಕೆಳೆದರು. ಕಲಕುವ ಯಂತ್ರದಿಂದ ಕಿಡಿ ಹಾರಿತು. ಬೆಂಕಿ ಅವರ ಬಲಗೈಯನ್ನು ಹಿಡಿಯಿತು.

ವಿದ್ಯಾರ್ಥಿನಿಯ ಅಜಾಗರೂಕತೆಯೇ ಕಾರಣವೆಂಬ ವರದಿ ಆಸ್ಪತ್ರೆಯ ಹಾಸಿಗೆಗೇ ಬಂತು.

"ಇಲ್ಲೊಂದು ಸಹಿ ಹಾಕ್ಬಿಡಿ ಮೇಡಂ. ಎಡಗೈಲಾದ್ರೂ ಪರವಾಗಿಲ್ಲ," ಎಂದರು ಮುಖ್ಯಸ್ಥರು.

"ಫ್ಯಾನಿನ ವಿಷಯ ಸೇರಿಸಿ. ನೀವು ಹೇಳಿ ಮಾಡಿಸಿದ್ದೂ ಸೇರಿಸಿ. ಎಡಗೈಲೇ ಹಾಕ್ತೀನಿ."

ಮುಖ್ಯಸ್ಥರು ಹಾಳೆ ಮಡಚಿಕೊಂಡು ಹೋದರು. ಪಕ್ಕದಲ್ಲಿದ್ದ ಪತಿ ತಡೆಯಲಾರದೆ ಕೇಳಿದರು: "ಹಾಕಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ನನ್ನ ಗಂಟಲ್ಲ ಕಣ್ರೀ, ಆ ಹುಡುಗಿ ಓದು ಹೋಗ್ತಿತ್ತು."

ಅವರ ಸಹಿಯಿಲ್ಲದೆ ವರದಿ ಮೂಲೆ ಸೇರಿತು, ಹುಡುಗಿಯ ಓದು ಉಳಿಯಿತು. ಸುರಕ್ಷತೆಯ ಹೆಸರಿನಲ್ಲಿ ಪ್ರಯೋಗಾಲಯಕ್ಕೆ ಬೀಗ ಬಿತ್ತು. ಬಡ್ತಿಯ ಮಾತು ಮತ್ತೆ ಯಾರೂ ಎತ್ತಲಿಲ್ಲ. ಅವರ ವಿಧಾನ ಮಾತ್ರ ಮುಖ್ಯಸ್ಥರ ಉಪನ್ಯಾಸಗಳಲ್ಲಿ 'ನಮ್ಮ ವಿಭಾಗದ ಸಾಧನೆ'ಯಾಗಿ ಊರೂರು ಸುತ್ತಿತು. ಹುಡುಗಿ ಬೇರೆ ಮಾರ್ಗದರ್ಶಕರ ಬಳಿ ಡಾಕ್ಟರೇಟ್ ಪಡೆದು ದೊಡ್ಡ ಹುದ್ದೆಗೇರಿದಳು. ಎದುರು ಸಿಕ್ಕರೆ ಕಣ್ಣು ತಪ್ಪಿಸುತ್ತಾಳೆ. "ಮುಜುಗರ ಅದಕ್ಕೆ, ಪಾಪ," ಎನ್ನುತ್ತಾರೆ ಬೋರಮ್ಮನವರು. ಹಾಗೆನ್ನುವಾಗ ಅವರ ಮುಖದಲ್ಲಿ ನಗುವಿರುವುದಿಲ್ಲ. ಮಡಚಲು ಬಾರದ ಬೆರಳುಗಳ ನಡುವೆ ಸೀಮೆಸುಣ್ಣ ಸಿಕ್ಕಿಸಿಕೊಂಡು, ಅವರು ಇಲ್ಲಿಯವರೆಗೂ ಮೊದಲ ವರ್ಷದ ಮಕ್ಕಳಿಗೆ ಪಾಠ ಹೇಳುತ್ತ ಬಂದಿದ್ದಾರೆ.

ನಿವೃತ್ತಿಯ ನಂತರ ಕೆಲಸ ಮಾಡಲು ಒಂದು ಮೇಜು ಕೊಡಿರೆಂದು ಅವರು ಮೊನ್ನೆ ಕೇಳಿಕೊಂಡಾಗ, ನಿಯಮದಲ್ಲಿ ಅವಕಾಶವಿಲ್ಲವೆಂಬ ಉತ್ತರ ಬಂತು. ಜೊತೆಗೇ ಸ್ಮರಣಿಕೆಯ ಮೇಲೆ ಹೆಸರನ್ನು ಹೇಗೆ ಕೆತ್ತಿಸಬೇಕೆಂದು ವಿಚಾರಿಸಲಾಯಿತು.

ಬೋರಮ್ಮನವರ ಆಯುಸ್ಸು ದೀರ್ಘವಾಗಲೆಂದು ಮನಸಾರೆ ಕೋರಬಹುದು. ಅವರ ಕೆಲಸ ಮುಂದುವರಿಯಲೆಂದು ಕೋರಲು ಮಾತ್ರ ಬಾಯಿ ಬರುವುದಿಲ್ಲ. ಅದಕ್ಕೆ ಎಡೆ ಮಾಡಿಕೊಡಬಲ್ಲವರು, ಆ ಮೇಜನ್ನು ನಿರಾಕರಿಸಿದವರು, ಅವರ ಈ ಅಭಿನಂದನಾ ಸಂಪುಟಕ್ಕೆ ಮುನ್ನುಡಿ ಬರೆದಿದ್ದಾರೆ.