ಜಗಳದ ಪಿರಿಯಡ್ ನಿಂತ ಮೇಲೆ

ಸಮಾಜ ವಿಜ್ಞಾನದ ಮೇಡಂ ನಿವೃತ್ತರಾಗುತ್ತಾರೆಂದು ಎಲ್ಲರೂ ನೆನಪಿನ ಸಂಚಿಕೆಗೆ ಎರಡೆರಡು ಪ್ಯಾರಾ ಹೊಗಳಿಕೆ ಬರೆದು ಕೈತೊಳೆದುಕೊಂಡರು. ನಾನು ಆಟದ ಮೇಷ್ಟ್ರು. ಹೊಗಳಲು ಬರುವುದಿಲ್ಲ, ಸೀಟಿ ಊದಲು ಬರುತ್ತದೆ. ಕಂಡದ್ದನ್ನು ಬರೆಯುತ್ತೇನೆ, ಅಚ್ಚು ಹಾಕಿಸದಿದ್ದರೆ ಸಂಚಿಕೆಯವರ ಇಷ್ಟ.

ಮೇಡಂಗೆ ಇಪ್ಪತ್ತೊಂಬತ್ತು ವರ್ಷ ಇದೇ ಶಾಲೆ. ಗಂಡ ತೀರಿಕೊಂಡ ಮೇಲೆ ಅಕ್ಕನ ಮನೆಯ ಮಹಡಿಯ ಕೋಣೆಯಲ್ಲಿ ವಾಸ. ಶುಕ್ರವಾರದ ಕೊನೆಯ ಪಿರಿಯಡ್ಡನ್ನು ಅವರು ಜಗಳಕ್ಕೆಂದೇ ಬಿಟ್ಟಿದ್ದರು. ಹತ್ತನೇ ತರಗತಿಯ ಮಕ್ಕಳು ಏನು ಬೇಕಾದರೂ ಹೇಳಬಹುದು, ಕೆಟ್ಟದ್ದನ್ನೂ ಹೇಳಬಹುದು. ಒಂದೇ ಕಟ್ಟಳೆ: ಎದುರಿನವರ ಮಾತನ್ನು ಮೊದಲು ತಾನೇ ಹೇಳಿ ತೋರಿಸಬೇಕು, ಅವರು 'ಹೌದು, ನಾನು ಹೇಳಿದ್ದು ಅದೇ' ಎಂದು ತಲೆಯಾಡಿಸಿದ ಮೇಲೆಯೇ ಉತ್ತರ ಕೊಡಬೇಕು. ಗದ್ದಲ ಮೈದಾನದ ತನಕ ಕೇಳುತ್ತಿತ್ತು. ಹೆಡ್‌ಮಾಸ್ಟರ ಹತ್ತಿರ ದೂರು ಒಯ್ದವನು ನಾನೇ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಅದೇ ಹೊತ್ತಿಗೆ ಮೇಲಿನಿಂದ ಸುತ್ತೋಲೆ ಬಂತು. ತರಗತಿಯಲ್ಲಿ ದ್ವೇಷದ ಮಾತು ಬಂದರೆ ಅಲ್ಲೇ ತಡೆಯಬೇಕು, ಪ್ರತಿ ತಿಂಗಳು ಪ್ರತಿ ಮಗುವಿನ ನಡತೆಯ ಫಾರಂ ತುಂಬಬೇಕು. ಜಗಳದ ಪಿರಿಯಡ್ ನಿಂತುಹೋಯಿತು. ಹೆಡ್‌ಮಾಸ್ಟರಿಗೂ ನೆಮ್ಮದಿ, ನನಗೂ ನೆಮ್ಮದಿ.

ಆ ತರಗತಿಯಲ್ಲಿ ಒಬ್ಬಳು ಹುಡುಗಿಯಿದ್ದಳು. ಮಾತು ಮಾತಿಗೂ ಎದ್ದು ನಿಂತು ವಾದ ಹೂಡಿ ಎಲ್ಲರ ತಲೆ ತಿನ್ನುತ್ತಿದ್ದಳು, ಅದಕ್ಕೇ ವಕೀಲಮ್ಮ ಎಂದು ಹೆಸರು. ಒಂದು ದಿನ ಪಾಠದ ನಡುವೆ ಎದ್ದಳು.

"ಹೊರಗಿಂದ ಬಂದು ಅಂಗಡಿ ಹಾಕ್ಕೊಂಡೋರನ್ನೆಲ್ಲ ಖಾಲಿ ಮಾಡಿಸ್ಬೇಕು ಮೇಡಂ. ಬಾಯಿ ಮಾತಲ್ಲಿ ಹೋಗಲ್ಲ ಅವರು."

ಹಿಂದಾಗಿದ್ದರೆ ಅದೊಂದು ಮಾತಿಗೆ ಮೂರು ಶುಕ್ರವಾರ ಹಿಡಿಯುತ್ತಿತ್ತು. ಅವತ್ತು ಮೇಡಂ, "ಆ ಮಾತು ಇಲ್ಲಿ ಬೇಡಮ್ಮ, ಕೂತ್ಕೋ" ಎಂದರು. ಕೂತಳು. ಮತ್ತೆ ಏಳಲಿಲ್ಲ.

"ಅಂತೂ ವಕೀಲಮ್ಮ ದಾರಿಗೆ ಬಂದ್ಲು" ಎಂದು ಸ್ಟಾಫ್ ರೂಮಿನಲ್ಲಿ ನಾನು ನಕ್ಕೆ. ಮೇಡಂ ಫಾರಂನಲ್ಲಿ 'ನಡತೆ ಸುಧಾರಿಸಿದೆ' ಎಂಬಲ್ಲಿ ಗುರುತು ಹಾಕಿದರು. ಮುಂದಿನ ತಿಂಗಳೂ ಹಾಕಿದರು. ಮಾತಾಡದ ಮಗು ನಮ್ಮ ಕಸುಬಿನವರ ಕಣ್ಣಿಗೆ ಒಳ್ಳೆಯ ಮಗು. ಅವಳು ವಾದವನ್ನು ಬಿಟ್ಟಿರಲಿಲ್ಲ, ಫೋನಿನಲ್ಲಿ ಹೌದು ಹೌದು ಎನ್ನುವವರ ಗುಂಪಿಗೆ ಸೇರಿದ್ದಳು ಅಷ್ಟೆ.

ನಾಲ್ಕು ತಿಂಗಳಾದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಆ ಗುಂಪಿನ ಮೂವರ ಜೊತೆ ಹೋಗಿ ಹೊರಗಿನಿಂದ ಬಂದು ನೆಲೆಸಿದ್ದ ದರ್ಜಿಯೊಬ್ಬನ ಅಂಗಡಿಗೆ ಪೆಟ್ರೋಲ್ ಸುರಿದು ಬೆಂಕಿ ಹಚ್ಚಿದಳು. ದರ್ಜಿ ಒಳಗೆ ಊಟಕ್ಕೆ ಕೂತಿದ್ದ. ಜೀವ ಉಳಿಯಿತು, ಎರಡು ಕೈಯೂ ಹೋದಂತೆಯೇ. ನಮ್ಮ ಅರ್ಧ ಶಾಲೆಯ ಸಮವಸ್ತ್ರ ಹೊಲಿದವನು, ಈಗ ಅವನ ಅಂಗಿಗೆ ಅವನ ಹೆಂಡತಿ ಗುಂಡಿ ಹಾಕುತ್ತಾಳೆ.

"ಫಾರಂ ಎಲ್ಲ ಸರಿಯಾಗಿ ತುಂಬಿದೀವಿ, ನಮ್ಮ ತಲೆಗೆ ಬರಲ್ಲ" ಎಂದರು ಹೆಡ್‌ಮಾಸ್ಟರು. ಮೇಡಂ ಅಳಲಿಲ್ಲ, ಬೈಯಲಿಲ್ಲ. ಗಂಟೆ ಹೊಡೆಯಿತು, ಹಾಜರಿ ಪುಸ್ತಕ ತೆಗೆದುಕೊಂಡು ಏಳನೇ ಪಿರಿಯಡ್ಡಿಗೆ ಹೋದರು. ನನಗೂ ಏನೂ ಅನ್ನಿಸಲಿಲ್ಲ. ಏನಾದರೂ ಅನ್ನಿಸಬೇಕಿತ್ತು ಎಂಬುದು ಮಾತ್ರ ಗೊತ್ತಿತ್ತು.

ಹುಡುಗಿಯನ್ನು ಬಾಲಮಂದಿರದಲ್ಲಿ ಇಟ್ಟರು. ಮಗಳೇ ಇಲ್ಲ ಅಂದುಕೊಂಡಿದ್ದೇನೆ ಎಂದು ಅವಳ ತಾಯಿ ಹೋಗುವುದನ್ನು ನಿಲ್ಲಿಸಿದಳು. ಮೇಡಂ ಪ್ರತಿ ಶನಿವಾರ ಬಸ್ಸು ಹತ್ತಿದರು. ಹಸಿರು ಬಣ್ಣ ಬಳಿದ ಕೋಣೆ, ಎರಡು ಬೆಂಚು, ಅರ್ಧ ಗಂಟೆ. ಹುಡುಗಿ ಗೋಡೆ ನೋಡುತ್ತಾಳೆ, ಮೇಡಂ ಹುಡುಗಿಯನ್ನು ನೋಡುತ್ತಾರೆ. ಅಲ್ಲಿನ ವಾರ್ಡನ್ ಮುಚ್ಚುಮರೆಯಿಲ್ಲದೆ ಹೇಳಿದ್ದಳು: "ಇವಳು ಹೀಗೇ ಬಾಯಿ ಬಿಡದೆ ಹೊರಗೆ ಹೋದ್ರೆ ಸೀದಾ ಆ ಗುಂಪಿಗೇ ಹೋಗ್ತಾಳೆ ಮೇಡಂ. ಅವರು ಕಾಯ್ತಾ ಇದಾರೆ." ಬಿಡುಗಡೆಗೆ ಇನ್ನು ಎರಡು ತಿಂಗಳಿತ್ತು.

ಅಷ್ಟರಲ್ಲಿ ಇಪ್ಪತ್ತಾರು ಶನಿವಾರ ಕಳೆದಿದ್ದವು, ಹುಡುಗಿ ತುಟಿ ಪಿಟಕ್ಕೆಂದಿರಲಿಲ್ಲ. "ಗೋಡೆಗೆ ಪಾಠ ಹೇಳೋಕೆ ಇಷ್ಟು ದೂರ ಹೋಗ್ಬೇಕಾ ಮೇಡಂ, ಸ್ಕೂಲಲ್ಲೇ ಬೇಕಾದಷ್ಟು ಗೋಡೆ ಇದಾವಲ್ಲ" ಎಂದು ನಾನೇ ಕೇಳಿದೆ. ಅವರಿಗೆ ನಗು ಬರಲಿಲ್ಲ, ನನಗೂ ಬರಲಿಲ್ಲ.

ಮೊನ್ನೆ ಶನಿವಾರ ಬಸ್ ಸ್ಟಾಪಿನಲ್ಲಿ ಸಿಕ್ಕರು. ಬಿಸಿಲಿನಲ್ಲೇ ನಿಂತಿದ್ದರು, ನೆರಳಿಗೆ ಬನ್ನಿ ಎಂದರೂ ಕೇಳಿಸಲಿಲ್ಲ.

"ಮಾತಾಡಿದ್ಲು ಮೇಷ್ಟ್ರೇ" ಎಂದರು.

"ಏನಂದ್ಲು?"

"ಆ ದರ್ಜಿ ಸತ್ತಿದ್ರೆ ಚೆನ್ನಾಗಿತ್ತು ಅಂದ್ಲು."

ನನ್ನ ಪಿತ್ತ ನೆತ್ತಿಗೇರಿತು. "ಇದನ್ನ ಕೇಳೋಕಾ ನೀವು ಆರು ತಿಂಗಳು ಬಸ್ಸಲ್ಲಿ ಜೋತಾಡಿದ್ದು? ಎದ್ದು ಬಂದ್ರಿ ತಾನೆ?"

"ಇಲ್ಲ. ಯಾಕಮ್ಮ ಅಂತ ಕೇಳ್ದೆ."

"ಅದಕ್ಕೇನಂದ್ಲು?"

"ಗೋಡೆ ಬಿಟ್ಟು ನನ್ನ ಕಡೆ ತಿರುಗಿದ್ಲು. ಆಮೇಲೆ, ಯೋಚ್ನೆ ಮಾಡಿ ಹೇಳ್ತೀನಿ ಮೇಡಂ, ಮುಂದಿನ ವಾರ ಬರ್ತೀರಾ ಅಂದ್ಲು."