ಮೊಟ್ರಿಯಾ ತಡೆದ ಹಿಡಿ ಮಣ್ಣು

ಬೆಳಗಿನ ಐದೂವರೆ. ಚೆರ್ನೋಬಿಲ್ ನಿಷೇಧಿತ ವಲಯದ ಗೇಟಿನಲ್ಲಿ ಐವತ್ತೊಂದರ ಮೊಟ್ರಿಯಾ ವಿಕಿರಣ ತಪಾಸಣೆ ಯಂತ್ರವನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಾರೆ. ವಲಯದಿಂದ ಹೊರಡುವವರೆಲ್ಲ ಇದರ ಮೇಲೆ ನಿಂತು ಎರಡೂ ಅಂಗೈ ಒತ್ತಬೇಕು. ಹಸಿರು ದೀಪ ಬಂದರೆ ಮನೆಗೆ, ಕೆಂಪು ಬಂದರೆ ಮೊಟ್ರಿಯಾ ಕೈಗೆ.

ಹತ್ತೊಂಬತ್ತು ವರ್ಷಗಳಿಂದ ಇದೇ ಕೆಲಸ. ದಿನಕ್ಕೆ ಮುನ್ನೂರು ಜೊತೆ ಬೂಟು, ನಲವತ್ತು ಗಾಡಿಗಳ ಚಕ್ರ. ನೆಲದ ಮೇಲೆ ಕೂರಬೇಡಿ, ಚೀಲ ಇಡಬೇಡಿ, ಪಾಚಿ ತುಳಿಯಬೇಡಿ ಎಂದು ಬೆಳಿಗ್ಗೆ ಪ್ರವಾಸಿಗರಿಗೆ ಬಾಯಿ ನೋಯುವಂತೆ ಹೇಳಿ ಕಳಿಸುತ್ತಾರೆ. ಸಂಜೆ ಅವರು ಪಾಚಿ ಮೆತ್ತಿದ ಬೂಟಿನಲ್ಲೇ ಬರುತ್ತಾರೆ. ಕಣ್ಣಿಗೆ ಕಾಣದ ವಿಕಿರಣವನ್ನು ಯಾರು ತಾನೇ ಲೆಕ್ಕಕ್ಕಿಡುತ್ತಾರೆ!

"ಫೋಟೋ ತೆಗೆಯೋಕೆ ಅಂತ ನೆಲದ ಮೇಲೆ ಬೋರಲು ಮಲಗ್ತಾರೆ. ಪ್ಯಾಂಟು ಬಿಚ್ಚಿಟ್ಟು ಹೋಗಿ ಅಂದ್ರೆ ಕೆಂಡಾಮಂಡಲ ಆಗ್ತಾರೆ. ಹೋದ ವಾರ ಒಬ್ಬ ದೊಡ್ಡ ಮನುಷ್ಯ ಚಡ್ಡೀಲೇ ಬಸ್ಸು ಹತ್ತಿದ" ಎಂದು ನಗುತ್ತಾರೆ.

ಇಂದು ನಗುವ ದಿನವಲ್ಲ. ಈಸ್ಟರ್ ಕಳೆದ ಮೇಲೆ ಬರುವ ಹಿರಿಯರ ದಿನ. ಮೂವತ್ಮೂರು ವರ್ಷಗಳ ಹಿಂದೆ ಅಣುಸ್ಥಾವರ ಸಿಡಿದಾಗ ಊರು ಬಿಟ್ಟವರು ಬಣ್ಣದ ಮೊಟ್ಟೆ, ಸಿಹಿ ರೊಟ್ಟಿ ಹಿಡಿದು ತಮ್ಮವರ ಗೋರಿಗಳಿಗೆ ಬಂದಿದ್ದಾರೆ. ಮಧ್ಯಾಹ್ನ, ಎಂಬತ್ತರ ಯುಖಿಮ್ ಯಂತ್ರದ ಮೇಲೆ ನಿಂತಾಗ ಕೆಂಪು ದೀಪ. ಕೋಟಿನ ಜೇಬಿನಲ್ಲಿ ಕರವಸ್ತ್ರದ ಗಂಟು, ಅದರೊಳಗೆ ಹೆಂಡತಿ ಉಲಿಯಾನಾಳ ತಾಯಿಯ ಗೋರಿಯ ಮಣ್ಣು.

"ನಮ್ಮ ಉಲಿಯಾನಾ ಆಸ್ಪತ್ರೇಲಿ ದಿನ ಎಣಿಸ್ತಿದ್ದಾಳೆ. ಅವಳ ಶವಪೆಟ್ಟಿಗೇಲಿ ಹಾಕ್ತೀನಿ ಅಂತ ಮಾತು ಕೊಟ್ಟಿದೀನಿ ಕಣೇ. ನೀನೂ ನಮ್ಮೂರವಳೇ ಅಲ್ವಾ? ಸಾಯೋಳಿಗೆ ಈ ವಿಕಿರಣ ಇನ್ನೇನು ಮಾಡುತ್ತೆ?"

"ಅವಳಿಗೇನೂ ಆಗಲ್ಲ ಮಾವ. ಆದ್ರೆ ಅಲ್ಲೀವರೆಗೆ ಗಂಟು ನಿನ್ನ ದಿಂಬಿನಡಿ ಇರುತ್ತೆ. ಮೊಮ್ಮಗಳು ಬಿಚ್ಚಿ ನೋಡ್ತಾಳೆ."

"ಕಲ್ಲು ನೀನು!"

ಮೊಟ್ರಿಯಾ ಗಂಟನ್ನು ವಿಕಿರಣ ಕಸದ ಹಳದಿ ಡಬ್ಬಿಗೆ ಹಾಕುತ್ತಾರೆ. ಬಳಿಕ ಒಂದು ಅರ್ಜಿ ತೆಗೆದು ಮುದುಕನ ಪಕ್ಕ ಬೆಂಚಿನಲ್ಲಿ ಕೂರುತ್ತಾರೆ. "ಮಣ್ಣು ಅವಳ ಹತ್ರ ಹೋಗೋದು ಬೇಡ. ಅವಳನ್ನೇ ಇಲ್ಲಿಗೆ ಕರ್ಕೊಂಡು ಬಾ. ಈ ಊರವರನ್ನ ಇಲ್ಲೇ ಹೂಳೋಕೆ ಅನುಮತಿ ಸಿಗುತ್ತೆ. ನಾನೇ ಬರ್ಕೊಡ್ತೀನಿ."

ಯುಖಿಮ್ ಅರ್ಜಿಯತ್ತ ಬಾಗಿ ನೋಡುತ್ತಾರೆ. "ಅವರಮ್ಮನ ಪಕ್ಕದಲ್ಲೇ?"

"ಪಕ್ಕದಲ್ಲೇ."

ಮುದುಕನ ಬಸ್ಸು ಹೋದ ಮೇಲೆ ಮೊಟ್ರಿಯಾ ಮತ್ತೆ ಬಟ್ಟೆ ಹಿಡಿಯುತ್ತಾರೆ. ಕೆಲಸಕ್ಕೆ ಸೇರಿದ ವರ್ಷ ಮೊದಲು ಕಿತ್ತುಕೊಂಡದ್ದು ಹೆತ್ತ ತಾಯಿಯ ಕೈಲಿದ್ದ ಮಣ್ಣಿನ ಗಂಟನ್ನಂತೆ. "ಅಮ್ಮ ಎರಡು ತಿಂಗಳು ಮಾತು ಬಿಟ್ಟಿದ್ಲು. ಈಗ ಇಲ್ಲೇ, ಒಳಗೆ ಮಣ್ಣಲ್ಲಿ ಮಲಗಿದಾಳೆ. ನನ್ನನ್ನೂ ಇದೇ ಗೇಟಿಂದ ಒಳಗೆ ಕಳಿಸಿದ್ರೆ ಸಾಕು. ಅವತ್ತು ಈ ಯಂತ್ರದ ಮೇಲೆ ನಿಲ್ಲೋ ಕೆಲಸ ಇರಲ್ಲ."